ಎಂಟೂವರೆ ಮಿಲಿಮೀಟರ್

ಯಮುನಾ ಮೇಡಂ ಅವರಿಗೆ ಮುಕ್ತಾರ್ ಮಾಡುವ ನಮಸ್ಕಾರ.

ನಿಮ್ಮ ಕಂಪನಿಗೆ ನಾನು ಮಾಡಿಕೊಡ್ತಿದ್ದ ಕಬ್ಬಿಣದ ಬ್ರಾಕೆಟ್‌ನ ಡ್ರಾಯಿಂಗ್ ನೀವು ವಾಪಸ್ ಕೇಳಿದ್ರಿ, ಈ ಪತ್ರದ ಜೊತೆಗಿದೆ. ಅದರಲ್ಲಿ ತೂತು ಎಂಟು ಮಿಲಿಮೀಟರ್ ಅಂತಿದೆ. ನಾನು ಒಂಬತ್ತು ವರ್ಷದಿಂದ ಎಂಟೂವರೆ ಕೊರೀತಾ ಬಂದೆ. "ಬೋಲ್ಟ್ ಹೋಗ್ತಿಲ್ಲ ಮುಕ್ತಾರ್ ಭಾಯ್, ಸ್ವಲ್ಪ ದೊಡ್ಡದು ಮಾಡಿ, ಡ್ರಾಯಿಂಗ್ ಆಮೇಲೆ ತಿದ್ದಿಸ್ತೀನಿ" ಅಂತ ಫೋನ್ ಮಾಡಿದ್ದು ನೀವೇ. ಮೊನ್ನೆ ಕ್ವಾಲಿಟಿ ಆಡಿಟ್‌ನವರು ತೂತು ಅಳೆದರು. ಮಾಲು ಡ್ರಾಯಿಂಗ್ ಪ್ರಕಾರ ಇಲ್ಲ ಅಂತ ನನ್ನನ್ನು ಸಪ್ಲೈಯರ್ ಪಟ್ಟಿಯಿಂದ ತೆಗೆದ ಕಾಗದದಲ್ಲೂ ನಿಮ್ಮದೇ ಸಹಿ.

ನಿಮಗೂ ಕೆಲಸ ಉಳೀಬೇಕು, ಗೊತ್ತು. ಟಿನ್ ಫ್ಯಾಕ್ಟರಿ ಹತ್ತಿರದ ಶೆಡ್ಡಿಗೆ ಬೀಗ ಹಾಕಿದ್ದೀನಿ, ಇನ್ನು ಅಲ್ಲಿಗೆ ಕಾಗದ ಕಳಿಸಬೇಡಿ.

ಹೊಸ ಸಪ್ಲೈಯರ್ ಡ್ರಾಯಿಂಗ್ ನೋಡಿ ಎಂಟೇ ಕೊರೀತಾರೆ, ಬೋಲ್ಟ್ ಹೋಗಲ್ಲ. ಆಗ ಅವರಿಗೆ ಫೋನ್ ಮಾಡ್ಬೇಡಿ ಮೇಡಂ, ಬರೆದುಕೊಡಿ.

ಇತಿ,
ಮುಕ್ತಾರ್ ಅಹ್ಮದ್