ಹೊಕ್ಕುಳ ಮೇಲಿನ ಅಳತೆ

ಮಾರ್ಚ್ ೧೧, ಮಂಗಳವಾರ

ಅಪ್ಪನ ಕರುಳಿನಿಂದ ತೆಗೆದ ಗಂಟಿನ ವರದಿ ಇವತ್ತೂ ಬರಲಿಲ್ಲ. ಶುಕ್ರವಾರವಂತೆ. ಇಂಥ ಗಂಟನ್ನು ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದು, ಹೊಟ್ಟೆಯಲ್ಲಿ ಬೊಜ್ಜಿರುವವರಿಗೆ ಇದು ಬರುವ ಸಂಭವ ಹೆಚ್ಚು ಎಂದರು ಡಾಕ್ಟರು. ಸೊಂಟ ಎಷ್ಟು ಎಂದು ಕೇಳಿದಾಗ ಅಪ್ಪ ಠೀವಿಯಿಂದ, "ಮೂವತ್ತಾರು" ಎಂದರು.

"ಅದು ನಿಮ್ಮ ಪ್ಯಾಂಟಿಂದು, ಟೇಲರ್ ಸಾಹೇಬ್ರೇ. ಪ್ಯಾಂಟು ಹೊಟ್ಟೆ ಕೆಳಗಿದೆ. ನಂಗೆ ಹೊಕ್ಕುಳ ಮೇಲಿಂದು ಬೇಕು."

ಸಂಜೆ ಅಂಗಡಿಯಲ್ಲಿ ಅಪ್ಪ ಟೇಪನ್ನು ನನ್ನ ಕೈಗಿಟ್ಟು ತೋಳೆತ್ತಿ ನಿಂತರು. ಗುಂಡಿ ಹೊಲಿಯುತ್ತಿದ್ದ ಅಮ್ಮ ತಲೆ ಎತ್ತದೆ, "ಹೊಟ್ಟೆ ಒಳಗೆ ಎಳ್ಕೋಬೇಡಿ. ಟೇಪಿಗೆ ಮೋಸ ಮಾಡಿ ಏನ್ ಸಿಗುತ್ತೆ?" ಎಂದಳು.

ಟೇಪನ್ನು ಬೆನ್ನ ಹಿಂದಿನಿಂದ ತರಬೇಕೆಂದರೆ ಅಪ್ಪನನ್ನು ಎರಡೂ ಕೈಯಿಂದ ಬಳಸಲೇಬೇಕು. ಚಿಕ್ಕವಳಿದ್ದಾಗ ಮಧ್ಯಾಹ್ನವೆಲ್ಲ ಈ ಹೊಟ್ಟೆಯ ಮೇಲೆ ಮಲಗುತ್ತಿದ್ದೆ. ಅವರು ನಕ್ಕರೆ ನನ್ನ ತಲೆ ಕುಣಿಯುತ್ತಿತ್ತು. ಯಾವಾಗ ನಿಲ್ಲಿಸಿದೆನೋ ನೆನಪಿಲ್ಲ. ಕಾಲೇಜು ಸೇರಿದ ಮೇಲಂತೂ ನಮ್ಮಿಬ್ಬರ ಮಾತೆಲ್ಲ ಅಮ್ಮನ ಮೂಲಕವೇ.

"ನಲವತ್ತಮೂರು" ಎಂದೆ.

"ಅಷ್ಟಾ? ಸರಿಯಾಗಿ ನೋಡಮ್ಮ." ಅಪ್ಪನ ದನಿ ಸಣ್ಣದಾಗಿತ್ತು.

ಮತ್ತೆ ಹಿಡಿದೆ. ನಲವತ್ತಮೂರೇ. ಹೆದರಿಕೆ ಆಗ್ತಿದೆಯಾ ಅಪ್ಪ ಎಂದು ಕೇಳಬೇಕೆನಿಸಿತು. ಬಾಯಿಗೆ ಬಂದದ್ದು, "ಇನ್ನೊಂದ್ಸಲ ನೋಡ್ಲಾ?"

ಅಪ್ಪ ಇಳಿಸಿದ್ದ ತೋಳುಗಳನ್ನು ಮತ್ತೆ ಎತ್ತಿದರು.

ಮೂರನೇ ಸಲ ನಾನು ಅಂಕಿ ನೋಡಲೇ ಇಲ್ಲ. ಟೇಪು ಜಾರಿ ನೆಲಕ್ಕೆ ಬಿತ್ತು. ಅಪ್ಪನೂ ಎತ್ತಿಕೋ ಎನ್ನಲಿಲ್ಲ, ನಾನೂ ಬಳಸಿದ ಕೈ ಸಡಿಲಿಸಲಿಲ್ಲ.