ಮಳೆ ಪುಸ್ತಕದ ಖಾಲಿ ಸಾಲು

ಅಪ್ಪಾ,

ನೀನು ಹೋದ ಮೇಲೆ ನಿನ್ನ ಊರಿಗೆ ಬಂದೆ, ಪ್ರವಾಸಿಯ ಹಾಗೆ ಟಿಕೆಟ್ ಕೊಂಡು. ಬಂದರಿನ ಇತಿಹಾಸ ತೋರಿಸುವ ಮ್ಯೂಸಿಯಮ್ಮಿನಲ್ಲಿ ನಿನ್ನ ಮಳೆ ಪುಸ್ತಕವನ್ನು ಗಾಜಿನೊಳಗೆ ಇಟ್ಟಿದ್ದಾರೆ.

"ಮೂವತ್ತು ವರ್ಷ, ದಿನಾ ಬೆಳಗ್ಗೆ ಎಂಟಕ್ಕೆ ಮಳೆ ಅಳೆದು ಬರೆದಿದ್ದಾರೆ ಪುಣ್ಯಾತ್ಮ. ಇದೊಂದು ದಿನ ಮಾತ್ರ ಖಾಲಿ. ಅವತ್ತು ಮಳೇನೇ ಬರ್ಲಿಲ್ವೇನೋ," ಎಂದಳು ಗೈಡ್.

ಮಳೆ ಬಾರದ ದಿನ ನೀನು ಸೊನ್ನೆ ಬರೆಯುತ್ತಿದ್ದೆ. ಬಗ್ಗಿ ತಾರೀಖು ನೋಡಿದೆ. ದೂರದ ಊರಿನಲ್ಲಿ ನನ್ನ ಮದುವೆಯಾದ ದಿನ. "ಆ ಮಳೆ ಡಬ್ಬಿ ಬಿಟ್ಟು ಅಪ್ಪ ಎಲ್ಲಿ ಬರ್ತಾನೆ?" ಎಂದು ನಿನ್ನನ್ನು ಕರೆಯದೇ ಬಿಟ್ಟಿದ್ದೆ.

ಅಂದು ಮದುವೆಮನೆಯ ಬಾಗಿಲಲ್ಲಿ ಯಾರೋ ಒದ್ದೆ ಕೊಡೆ ಬಿಟ್ಟುಹೋಗಿದ್ದರು. ಇಂಥ ಮಳೆಯಲ್ಲಿ ಕೊಡೆ ಮರೆಯುವವರೂ ಇದ್ದಾರಲ್ಲ ಎಂದು ನಾವೆಲ್ಲ ನಕ್ಕಿದ್ದೆವು.