ರೆಫರಿಗೊಂದು ಗುಂಡಿ

ಲಾಂಡ್ರಿಯ ಮಹಡಿ ಮನೆ,
ಮಂಗಳವಾರ, ಮಾರ್ಚ್ ೧೦, ಬೆಳಿಗ್ಗೆ

ಪ್ರೀತಿಯ ಪೀಪಿ,

ಹೇಗಿದ್ದೀಯ ಮಗಳೇ? ಮೊದಲು ನಿನ್ನ ಮೊಣಕಾಲಿನ ವಿಷಯ ಬರಿ. ಟಿವಿಯಲ್ಲಿ ನೀನು ಮೈದಾನದ ಆ ತುದಿಯಿಂದ ಈ ತುದಿಗೆ ಓಡುವಾಗ ಎಡಗಾಲನ್ನು ಸ್ವಲ್ಪ ಜೋಪಾನವಾಗಿ ಊರುತ್ತಿದ್ದೀಯ ಅನ್ನಿಸಿತು. ಬೇರೆ ಯಾರಿಗೂ ಕಾಣಿಸಿರಲಿಕ್ಕಿಲ್ಲ, ಆದರೆ ನಿನಗೆ ನಡೆಯಲು ಕಲಿಸಿದವಳು ನಾನಲ್ಲವೆ? ರಾತ್ರಿ ಮಲಗುವ ಮುಂಚೆ ಬಿಸಿನೀರಿನ ಶಾಖ ಕೊಟ್ಟುಕೋ. ಹಾಸ್ಟೆಲಿನ ಊಟ ಹಿಡಿಸುತ್ತಿದೆಯಾ? ಹಸಿವಿಲ್ಲ ಅಂತ ತಟ್ಟೆ ಪಕ್ಕಕ್ಕೆ ತಳ್ಳಬೇಡ, ಬೇಜಾರಾದಾಗ ನೀನು ಮೊದಲು ಮಾಡುವ ಕೆಲಸ ಅದೇ. ನಾವಿಲ್ಲಿ ಚೆನ್ನಾಗಿದ್ದೇವೆ. ನನ್ನ ಬೆನ್ನು ಮೊದಲಿನಷ್ಟೇ ನೋಯುತ್ತಿದೆ, ಅದಕ್ಕೂ ನನಗೂ ಹೊಂದಾಣಿಕೆಯಾಗಿಬಿಟ್ಟಿದೆ. ನಿಮ್ಮಪ್ಪನ ರಕ್ತದೊತ್ತಡದ ಮಾತ್ರೆ ಬದಲಾಗಿದೆ, ಅವರು ಮಾತ್ರ ಬದಲಾಗಿಲ್ಲ. ಬಟ್ಟೆ ಒಗೆಯುವ ದೊಡ್ಡ ಯಂತ್ರ ಮತ್ತೆ ಗೊರಗೊರ ಅನ್ನಲು ಶುರುಮಾಡಿದೆ. ಈ ಮನೆಯಲ್ಲಿ ಅದರ ಆರೋಗ್ಯವನ್ನೂ ನಮ್ಮ ಜೊತೆಗೇ ಸೇರಿಸಿ ಹೇಳಬೇಕು.

ಶನಿವಾರ ಮ್ಯಾಚ್ ಮುಗಿದ ಮೇಲೆ ನೀನು ಯಾರದೋ ಫೋನಿನಿಂದ ಅಂಗಡಿಗೆ ಮಾಡಿದೆಯಲ್ಲ, ಆಮೇಲೆ ನನಗೆ ಊಟ ಸೇರಲಿಲ್ಲ. ಗುರುತು ಪರಿಚಯ ಇಲ್ಲದವರೆಲ್ಲ ಬಾಯಿಗೆ ಬಂದ ಹಾಗೆ ಬೈದು ಕಳಿಸುತ್ತಿದ್ದಾರೆ, ನನ್ನ ಫೋನ್ ಕೆಲವು ದಿನ ಮುಚ್ಚಿಡುತ್ತೇನೆ ಅಂದೆ. ಮುಚ್ಚಿಡು, ಒಳ್ಳೆಯದೇ. ಅಂಥವರ ಬಾಯಿಗೆ ನಮ್ಮ ಯಂತ್ರದ ಸೋಪೂ ಸಾಲದು. ಮುಂದಿನ ಟೆಸ್ಟ್ ಮ್ಯಾಚಿಗೂ ರೆಫರಿಯಾಗಿ ಕರೆದಿದ್ದಾರೆ, ಬೇಡ ಅಂತ ಬರೆದುಬಿಡೋಣ ಅನ್ನಿಸುತ್ತಿದೆ ಅಂತಲೂ ಅಂದೆ. ನಾನು ಅದಕ್ಕೆ ಏನಾದರೂ ಹೇಳುವಷ್ಟರಲ್ಲಿ “ಅಮ್ಮಾ, ಅಪ್ಪ ಏನಂದ್ರು?” ಅಂತ ಕೇಳಿದೆ. ಅವರು ಸ್ನಾನಕ್ಕೆ ಹೋಗಿದ್ದಾರೆ ಅಂತ ಒಂದು ಸುಳ್ಳು ಹೇಳಿದೆ. ಸ್ನಾನವೂ ಇಲ್ಲ ಏನೂ ಇಲ್ಲ, ನನ್ನ ಎದುರಿಗೇ ಕುರ್ಚಿಯಲ್ಲಿ ಕೂತು ಟಿವಿಯನ್ನು ದಿಟ್ಟಿಸುತ್ತಿದ್ದರು. ಅವರು ಏನೂ ಅಂದಿರಲಿಲ್ಲ ಪೀಪಿ. ಏನಾದರೂ ಅಂದಿದ್ದರೆ ಒಳ್ಳೆಯದೋ ಕೆಟ್ಟದ್ದೋ ಹೇಳಿಬಿಡುತ್ತಿದ್ದೆ. ಇಪ್ಪತ್ತು ಜನರ ಮಾತನ್ನು ಒಬ್ಬರೇ ಆಡುವ ಮನುಷ್ಯ ಬಾಯಿ ಮುಚ್ಚಿ ಕೂತಾಗ ಹೆಂಡತಿಯಾದವಳು ಏನಂತ ವರದಿ ಒಪ್ಪಿಸಲಿ?

ಅವರಿಗೆ ಆ ಹಸಿರು ಅಂಗಿಯ ರಗ್ಬಿಯವರ ಹುಚ್ಚು ಎಷ್ಟು ಅಂತ ನಿನಗೆ ನಾನು ಹೇಳಬೇಕಿಲ್ಲ. ನಮ್ಮ ಮದುವೆಗೆ ಮುಂಚೆ ಆ ತಂಡ ಪ್ರವಾಸ ಬಂದಿದ್ದಾಗ ಹೋಟೆಲಿನ ಯಂತ್ರ ಕೆಟ್ಟು, ಕೆಸರು ಮೆತ್ತಿದ ಅಂಗಿಗಳ ಮೂಟೆ ನಮ್ಮ ಅಂಗಡಿಗೆ ಬಂದಿತ್ತಂತೆ. ಇವರು ಒಗೆದು, ಕಾಲರ್ ಕತ್ತಿಯ ಹಾಗೆ ನಿಲ್ಲುವಂತೆ ಇಸ್ತ್ರಿ ಮಾಡಿ ಕೊಟ್ಟರಂತೆ, ಮರುದಿನ ಅವರು ಗೆದ್ದರಂತೆ. ಗೆದ್ದದ್ದು ಆಟಗಾರರಿಂದಲ್ಲ, ಇಸ್ತ್ರಿಯಿಂದ ಅಂತ ನಿಮ್ಮಪ್ಪ ಇವತ್ತಿಗೂ ನಂಬಿದ್ದಾರೆ. ನನ್ನನ್ನು ನೋಡಲು ಬಂದ ದಿನ ನನಗೆ ಕೇಳಿದ ಮೊದಲ ಪ್ರಶ್ನೆಯೂ ರಗ್ಬಿ ಗೊತ್ತಾ ಅಂತಲೇ. ಗೊತ್ತಿಲ್ಲ ಅಂದೆ, ಆದರೂ ಒಪ್ಪಿಕೊಂಡರು, ಪುಣ್ಯಾತ್ಮ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಅದಕ್ಕೆ ಐದು ಅಂಕ ಅನ್ನುವುದು ನನ್ನ ತಲೆಗೆ ಹೋಗುವ ಹೊತ್ತಿಗೆ ನೀನೇ ಹುಟ್ಟಿದ್ದೆ.

ಆ ಕೊನೆಯ ಕ್ಷಣ ನನಗೆ ಕಣ್ಣಿಗೆ ಕಟ್ಟಿದೆ. ಹಸಿರಿನವರು ಎರಡು ಅಂಕ ಹಿಂದೆ. ಆ ಜುಟ್ಟಿನ ಹುಡುಗ ಚೆಂಡು ಬಗಲಿಗಿಟ್ಟು ಅಂಚಿನಲ್ಲೇ ಓಡಿ, ಮೂಲೆಯಲ್ಲಿ ಗೆರೆಯಾಚೆ ಹಾರಿ ಬಿದ್ದ. ಮೇಲೆ ಎದುರು ತಂಡದ ಇಬ್ಬರು ಬಿಳಿ ಅಂಗಿಯವರು ಬಿದ್ದರು. ಇಲ್ಲಿ ಅಂಗಡಿಯಲ್ಲಿ ನಮ್ಮ ಜೊತೆ ಮ್ಯಾಚ್ ನೋಡುತ್ತಿದ್ದ ಡ್ರೈವಿಂಗ್ ಮೇಷ್ಟ್ರು ಕುಣಿದು ಕಾಫಿ ಚೆಲ್ಲಿದರು. ನಿಮ್ಮಪ್ಪ ಎರಡೂ ಕೈ ಎತ್ತಿದರು. ಆಗ ನೀನು ಶಿಳ್ಳೆ ಊದಿ ತಲೆ ಅಲ್ಲಾಡಿಸಿದೆ. ನೆಲ ಮುಟ್ಟುವ ಮುಂಚೆ ಚೆಂಡು ಅವನ ಕೈಯಿಂದ ಮುಂದಕ್ಕೆ ಜಾರಿದೆ, ಟ್ರೈ ಇಲ್ಲ ಅಂತ ಸನ್ನೆ ಮಾಡಿದೆ. ಟಿವಿ ಮುಂದೆ ಕೂತಿರುವ ಆ ಇನ್ನೊಬ್ಬ ರೆಫರಿ ಚಿತ್ರಗಳನ್ನೆಲ್ಲ ಹಿಂದೆ ಮುಂದೆ ಓಡಿಸಿ ನೋಡಿ, ಇದರಲ್ಲಿ ಏನೂ ಸ್ಪಷ್ಟವಾಗಿ ಕಾಣುತ್ತಿಲ್ಲ, ಮೈದಾನದ ತೀರ್ಪೇ ನಿಲ್ಲಲಿ ಅಂದ. ಅಲ್ಲಿಗೆ ಆಟ ಮುಗಿಯಿತು. ನಿಮ್ಮಪ್ಪನ ಕೈಗಳು ಮಾತ್ರ ಸ್ವಲ್ಪ ಹೊತ್ತು ಮೇಲೆಯೇ ಇದ್ದವು, ಇಳಿಸಬೇಕು ಅನ್ನುವುದೇ ಅವರಿಗೆ ಹೊಳೆದಿರಲಿಲ್ಲ.

ಭಾನುವಾರ ಅಂಗಡಿ ರಜೆ. ಹಿಂದಿನ ದಿನದ ಮ್ಯಾಚನ್ನು ಮೇಜಿನ ಮೇಲೆ ಮತ್ತೆ ಆಡಿ ನೋಡಲು ಎಂದಿನಂತೆ ಕೆಳಗೆ ಅಂಗಡಿಯಲ್ಲಿ ಸಭೆ ಸೇರಿತು. ಈ ಸಲ ಯಾರೂ ಬರಲಿಕ್ಕಿಲ್ಲ ಅಂದುಕೊಂಡಿದ್ದೆ, ಮೂವರೂ ಬಂದರು. ಬೇಕರಿ ಅಕ್ಕ ಬನ್ನಿನ ಪೊಟ್ಟಣ ತಂದಳು, ಹಲ್ಲಿನ ಡಾಕ್ಟರು ನೋಡಲು ದುಃಖದ ಮನೆಗೆ ಬಂದವರ ಹಾಗಿದ್ದರು. ಇಸ್ತ್ರಿ ಮೇಜಿನ ಮೇಲೆ ಬಿಳಿ ಚಾಕಿನಿಂದ ಮೈದಾನದ ಗೆರೆಗಳನ್ನು ಎಳೆದದ್ದಾಯಿತು. ಡಬ್ಬಿಯಿಂದ ಹಸಿರು ಗುಂಡಿಗಳು ಒಂದು ಕಡೆ, ಬಿಳಿ ಗುಂಡಿಗಳು ಇನ್ನೊಂದು ಕಡೆ ನಿಂತವು. ಚೆಂಡಿನ ಜಾಗಕ್ಕೆ ಅದೇ ಹಳೆಯ ಚಳಿಕೋಟಿನ ಉದ್ದನೆಯ ಮರದ ಗುಂಡಿ. ಎಲ್ಲರೂ ಒಪ್ಪುವವರೆಗೆ ಗೆರೆ ಅಳಿಸುವ ಹಾಗಿಲ್ಲ ಅನ್ನುವುದು ನಿಮ್ಮಪ್ಪನೇ ಮಾಡಿದ ಕಾನೂನು. ಒಮ್ಮೆ ನಾಲ್ಕು ದಿನ ಒಪ್ಪದೆ, ಅವರು ಗಿರಾಕಿಗಳ ಬಟ್ಟೆಯನ್ನೆಲ್ಲ ನಮ್ಮ ಊಟದ ಮೇಜಿನ ಮೇಲೆ ಇಸ್ತ್ರಿ ಮಾಡಿದ್ದು ನೆನಪಿದೆಯಾ? ನಾವು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆವು.

ಡ್ರೈವಿಂಗ್ ಮೇಷ್ಟ್ರು ಮೊದಲರ್ಧದಿಂದ ಶುರುಮಾಡಿದರು. ಆ ದಪ್ಪನೆಯವನು ಪೆಟ್ಟಾಗಿ ಹೊರಗೆ ಹೋದ ಮೇಲೆ, ಎರಡೂ ಕಡೆಯವರು ಹೆಗಲು ಕೊಟ್ಟು ತಳ್ಳಾಡುವ ಸ್ಕ್ರಮ್‌ನಲ್ಲಿ ಹಸಿರಿನವರು ಹಿಂದಕ್ಕೇ ಜಾರುತ್ತಿದ್ದರು, ಬ್ರೇಕ್ ಹಿಡಿಯದ ಗಾಡಿ ಇಳಿಜಾರಿನಲ್ಲಿ ನಿಂತ ಹಾಗೆ ಅಂದರು. ಅವರಿಗೆ ಪ್ರಪಂಚದಲ್ಲಿ ಕಾಣುವುದೆಲ್ಲ ಬ್ರೇಕ್ ಮತ್ತು ಕ್ಲಚ್ಚೇ. ಬೇಕರಿ ಅಕ್ಕ ಬೇರೆಯೇ ತಗಾದೆ ತೆಗೆದಳು. ಕಂಬದ ನೇರಕ್ಕೆ ಪೆನಾಲ್ಟಿ ಸಿಕ್ಕಾಗ ಒದ್ದು ಮೂರು ಅಂಕ ತೆಗೆದುಕೊಳ್ಳಬೇಕಿತ್ತು, ಆ ಕ್ಯಾಪ್ಟನ್ ಮಹಾರಾಯ ಟ್ರೈ ಬೇಕು ಅಂತ ಚೆಂಡನ್ನು ಮೂಲೆಗೆ ಒದ್ದು ಅದನ್ನೂ ಕಳೆದುಕೊಂಡ. “ಕೈಗೆ ಬಂದದ್ದು ಬಿಟ್ಟು ಕೊನೇಲಿ ಶಿಳ್ಳೆ ಮೇಲೆ ಯಾಕೆ ಹಾಕ್ತೀರಿ? ಮ್ಯಾಚ್ ಅಲ್ಲೇ ಹೋಯ್ತು” ಅಂದಳು. ಅವಳು ಬಿಳಿಯವರ ಕಡೆ, ಅವಳ ಮಾತನ್ನು ಇವರು ಒಪ್ಪುತ್ತಾರೆಯೇ? ಡಾಕ್ಟರು ಆಟದುದ್ದಕ್ಕೂ ಯಾರ ಹಲ್ಲು ಹೋಯಿತು ಅಂತಲೇ ನೋಡಿದ್ದರು, ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಎಲ್ಲರೂ ಕೊನೆಯ ಮೂಲೆಯ ಸುತ್ತಲೇ ಸುಳಿಯುತ್ತಿದ್ದರು, ಒಳಕ್ಕೆ ಕಾಲಿಡುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ. “ಅಲ್ರೀ, ಆ ರೆಫರಿಗೆ ಕಣ್ಣು...” ಅಂತ ಬಾಯಿ ತೆರೆದವರು ನನ್ನನ್ನು ಕಂಡು ಬನ್ನು ತುರುಕಿಕೊಂಡರು. ಈ ಮೇಜಿನ ಸುತ್ತ ಎಷ್ಟು ರೆಫರಿಗಳ ಮರ್ಯಾದೆ ಹೋಗಿಲ್ಲ ಹೇಳು? ನೀನು ಚಿಕ್ಕವಳಿದ್ದಾಗ ಇದೇ ಮೇಜಿನ ಕೆಳಗೆ ಕೂತು, ಇವರ ಗಲಾಟೆ ಹೆಚ್ಚಾದರೆ ಪೀಪಿ ಊದಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ. ನಿನ್ನ ಹೆಸರೂ ಅಲ್ಲಿಂದಲೇ ಬಂತು, ನಿನ್ನ ಉದ್ಯೋಗವೂ ಅಲ್ಲಿಂದಲೇ ಬಂತು.

ಮೇಷ್ಟ್ರು ಬನ್ನು ಅಗಿಯುತ್ತಿದ್ದಾಗ ನಾನು ಮೇಜನ್ನು ನೋಡಿದೆ. ಹದಿನೈದು ಹಸಿರು, ಹದಿನೈದು ಬಿಳಿ, ಒಂದು ಚೆಂಡು. ಇಷ್ಟು ವರ್ಷ ಇವರು ಆಡಿದ ಅಷ್ಟೂ ಮ್ಯಾಚ್‌ಗಳಲ್ಲಿ ರೆಫರಿಗೆ ಒಂದು ಗುಂಡಿ ಇಟ್ಟವರಿಲ್ಲ. ಬೈಯಲು ಮಾತ್ರ ರೆಫರಿ ಬೇಕು, ನಿಲ್ಲಲು ಅವರಿಗೊಂದು ಜಾಗ ಬೇಡ. ನನಗೆ ರೇಗಿಹೋಯಿತು. ಡಬ್ಬಿಯನ್ನು ಬಗ್ಗಿಸಿ, ತಳದಲ್ಲಿದ್ದ ನಿನ್ನ ಶಾಲೆಯ ಕೋಟಿನ ಕೆಂಪು ಗುಂಡಿ ಹುಡುಕಿ ತೆಗೆದು, “ಇವಳನ್ನೂ ಇಡಿ” ಅಂದೆ. ಡಾಕ್ಟರು ಪಾಪ ಅದನ್ನು ತೆಗೆದುಕೊಂಡು ಕಂಬದ ಪಕ್ಕ ಇಟ್ಟರು. ಮೇಷ್ಟ್ರು ಇನ್ನೂ ಹಿಂದಕ್ಕೆ, ಗೆರೆಯಿಂದ ಈಚೆಗೆ ಸರಿಸಿದರು. ಇಬ್ಬರದೂ ತಪ್ಪು. ನಾನು ಗುಂಡಿ ಎತ್ತಿ ಗೆರೆಯಾಚೆ, ಮೂಲೆಯ ಹತ್ತಿರ ಇಟ್ಟೆ. ಅಷ್ಟು ಖಾತ್ರಿಯಾಗಿ ಹೇಗೆ ಹೇಳ್ತೀರಮ್ಮಾ ಅಂತ ಮೇಷ್ಟ್ರು ಕೇಳಿದರು. “ನೀವೆಲ್ಲ ಚೆಂಡು ನೋಡ್ತಿದ್ರಿ. ನಾನು ಮೊದಲಿಂದ ಕೊನೇವರೆಗೂ ನೋಡಿದ್ದು ಒಬ್ಬಳನ್ನೇ” ಅಂದೆ. ಬೇಕಾದರೆ ಟಿವಿ ಹಾಕಿ ನೋಡಿ ಅಂತಲೂ ಅಂದೆ. ಹಾಕಿ ನೋಡಿದರು. ಪರದೆಯ ಅಂಚಿನಲ್ಲಿ ನಿನ್ನ ಬೂಟುಗಳು ನಾನು ಹೇಳಿದ ಜಾಗದಲ್ಲೇ ಇದ್ದವು.

ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು. ಮೇಷ್ಟ್ರು ಕನ್ನಡಕ ತೆಗೆದು, ಮೇಜಿಗೆ ಗಲ್ಲ ಊರಿ, ಒಂದು ಕಣ್ಣು ಮುಚ್ಚಿ, ನಿನ್ನ ಗುಂಡಿಯ ಹಿಂದಿನಿಂದ ನೋಡಿದರು. ಟಿವಿ ಕ್ಯಾಮೆರಾ ಇದ್ದ ಕಡೆಯಿಂದ ನೋಡಿದರೆ ಬಿಳಿ ಗುಂಡಿ ಅಡ್ಡ ಬರುತ್ತದೆ, ಚೆಂಡು ಕಾಣುವುದೇ ಇಲ್ಲ. ನಿನ್ನ ಕಡೆಯಿಂದ ಮಧ್ಯೆ ಯಾರೂ ಇಲ್ಲ. “ಅರೆ, ಇಲ್ಲಿಂದ ಕೈನೂ ಕಾಣತ್ತೆ, ಚೆಂಡೂ ಕಾಣತ್ತೆ” ಅಂತ ಅವರು ಯಾರಿಗೋ ಅಲ್ಲ, ಮೇಜಿಗೇ ಹೇಳಿಕೊಂಡರು. ಡಾಕ್ಟರು ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ಎದ್ದರು. ಬೇಕರಿ ಅಕ್ಕ ನೋಡಲೇ ಇಲ್ಲ, ನಾನು ಮೊದಲೇ ಹೇಳಿದ್ದೆ ಅನ್ನುವ ಮುಖ ಮಾಡಿಕೊಂಡು ಕೂತಿದ್ದಳು. ಚೆಂಡು ನಿಜವಾಗಿ ಜಾರಿತೋ ಇಲ್ಲವೋ ಅಂತ ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ ಮಗಳೇ, ನಿನಗೆ ಸುಳ್ಳು ಹೇಳುವುದಿಲ್ಲ. ಆದರೆ ನೋಡಬಲ್ಲವಳು ನೀನೊಬ್ಬಳೇ ಇದ್ದೆ, ನೋಡಬೇಕಾದ ಜಾಗಕ್ಕೆ ಆ ನೋಯುವ ಕಾಲಿನಲ್ಲೇ ಓಡಿ ಹೋಗಿ ನಿಂತಿದ್ದೆ ಅನ್ನುವುದು ಎಲ್ಲರಿಗೂ ಗೊತ್ತಾಯಿತು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ ಒಳಗೆ ಹೋಗಿ ಸ್ವಲ್ಪ ಅತ್ತು ಬಂದೆ.

ನಿಮ್ಮಪ್ಪ ಕೊನೆಯಲ್ಲಿ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದು, ಕಾಫಿ ಲೋಟಗಳನ್ನು ತೊಳೆಯಲು ಎತ್ತಿಕೊಂಡು ಹೋದರು. ಅವರು ಲೋಟ ತೊಳೆದದ್ದು ನೋಡಿ ಬೇಕರಿ ಅಕ್ಕ ಗಾಬರಿಯಾದಳು. ನಿನ್ನೆ ಬೆಳಿಗ್ಗೆ ನಾನು ಕೆಳಗೆ ಇಳಿಯುವಷ್ಟರಲ್ಲಿ ಮೇಜಿನ ಮೇಲಿನ ಗೆರೆಗಳನ್ನು ಅವರೇ ಒರೆಸಿದ್ದರು, ಗುಂಡಿಗಳೆಲ್ಲ ಡಬ್ಬಿ ಸೇರಿದ್ದವು. ಕೆಂಪು ಗುಂಡಿಯೊಂದು ಮಾತ್ರ ಮೇಜಿನ ಮೂಲೆಯಲ್ಲಿತ್ತು, ಅದನ್ನು ಬಿಟ್ಟು ಸುತ್ತಲೂ ಇಸ್ತ್ರಿ ಮಾಡುತ್ತಿದ್ದರು. ಇದನ್ನು ಒಪ್ಪಿಗೆ ಅಂತ ಬರೆಯಲೇ? ಆದರೆ ಒಂದು ವಿಷಯ ನನ್ನನ್ನು ಕೊರೆಯುತ್ತಿದೆ. ಮಧ್ಯಾಹ್ನ ಉಂಡ ಮೇಲೆ ಮತ್ತೆ ಟಿವಿ ಹಾಕಿ, ನೀನು ಶಿಳ್ಳೆ ಕಚ್ಚಿಕೊಂಡು ಕೈ ಚಾಚಿ ನಿಂತಿರುವ ಆ ಚಿತ್ರವನ್ನೇ ನಿಲ್ಲಿಸಿಕೊಳ್ಳುತ್ತಾರೆ. ಶನಿವಾರದಿಂದಲೂ ಇದೇ. ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಲೊಚಗುಟ್ಟಿ, ಆರಿಸಿ ಎದ್ದು ಹೋಗುತ್ತಾರೆ. ಏನು ಅಂತ ಕೇಳಿದರೆ ಏನಿಲ್ಲ ಅನ್ನುತ್ತಾರೆ. ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಬರೆಯಲಾರೆ. ಹಸಿರಿನವರು ಸೋತ ನೋವು ಅವರಿಗೆ ವಾರಗಟ್ಟಲೆ ಇರುತ್ತದೆ, ಅದು ನಿನ್ನ ಮೇಲಿನ ಕೋಪ ಅಂತ ನೀನು ತಿಳಿಯಬೇಡ.

ಮುಂದಿನ ಟೆಸ್ಟ್ ವಿಷಯ ನಿನಗೆ ಬಿಟ್ಟದ್ದು. ಬೇಡ ಅನ್ನಿಸಿದರೆ ಮನೆಗೆ ಬಾ, ನಿನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹಾಕಿದ್ದೇನೆ. ಹೋಗುತ್ತೇನೆ ಅಂದರೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಹೋಗು. ಬೇಕರಿ ಅಕ್ಕ, ಡಾಕ್ಟರು ನಿನ್ನನ್ನು ಕೇಳಿದ್ದಾರೆ. ಮೇಷ್ಟ್ರು ತಾವು ಪೂರ್ತಿ ಹೇಳದ ಆ ಮಾತಿಗೆ ಕ್ಷಮೆ ಕೇಳಿದ್ದಾರೆ. ನಿನ್ನ ಕಾಲಿಗೆ ಬಲ ಬರಲಿ, ಕಣ್ಣು ಹೀಗೇ ಚುರುಕಾಗಿರಲಿ, ಕೆಟ್ಟ ಬಾಯಿಗಳ ಮಾತು ನಿನ್ನ ಬಾಗಿಲು ದಾಟದಿರಲಿ.

ನಿನ್ನನ್ನೇ ನೋಡುತ್ತಿರುವ,
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುತ್ತಿದ್ದೆ, ನಿಮ್ಮಪ್ಪ ಮೇಲೆ ಬಂದರು. ಯಾರಿಗೆ ಅಂತ ಕೇಳಲಿಲ್ಲ. “ಆ ಚಿತ್ರದಲ್ಲಿ ಅವಳ ಕಾಲರ್ ನೋಡಿದ್ಯಾ? ಒಂದು ಕಡೆ ಒಳಗೆ ಮಡಚಿಕೊಂಡಿದೆ. ಲಾಂಡ್ರಿಯವನ ಮಗಳು ಇಡೀ ಪ್ರಪಂಚದ ಮುಂದೆ ಹಾಗೆ ನಿಂತಿದ್ದಾಳೆ. ಯಾರು ಇಸ್ತ್ರಿ ಮಾಡಿದ್ದು ಅದನ್ನ?” ಅಂದರು. ಮೂರು ದಿನ ಲೊಚಗುಟ್ಟಿದ್ದು ಇದಕ್ಕಂತೆ. ಮತ್ತೆ ಆ ಶಿಳ್ಳೆ ಅಂತ ಕೇಳಿದೆ. “ಶಿಳ್ಳೆಗೇನಾಗಿದೆ? ಕಂಡದ್ದಕ್ಕೆ ಊದಿದ್ದಾಳೆ. ನಮ್ಮೋರು ಅಂತ ಊದದೆ ಬಿಟ್ಟಿದ್ರೆ ಆಗ ಮಾತಾಡ್ತಿದ್ದೆ” ಅಂದು, ಅಂಚೆಯವನು ಬರುವ ಮುಂಚೆ ಇದನ್ನು ಸೇರಿಸು ಅಂತ ತಲೆಯ ಮೇಲೆ ನಿಂತಿದ್ದಾರೆ. ಮುಂದಿನ ಟೆಸ್ಟ್‌ಗೆ ಹಾಕುವ ಅಂಗಿಯನ್ನು ಮೊದಲೇ ಇಲ್ಲಿಗೆ ಕಳಿಸಬೇಕಂತೆ, ಅವರೇ ಇಸ್ತ್ರಿ ಮಾಡಿ ಕೊಡುತ್ತಾರಂತೆ. ಬೇಗ ಕಳಿಸು.